ಕಪ್ಪು ಬೆಳಕಿನಲ್ಲಿ ಎಡೆ

ಆಗಸ್ಟ್ 24, ಭಾನುವಾರ

ಬಾಗಲಗುಂಟೆಯಲ್ಲಿ ಇವತ್ತು ನಲವತ್ತು ನಿಮಿಷ ಒಂದು ಮುಚ್ಚಿದ ಬಾಗಿಲಿನ ಜೊತೆ ಮಾತಾಡಿ ಬಂದೆ. ತೇಗದ ಬಾಗಿಲು, ಸ್ವಭಾವ ಒಳ್ಳೆಯದು, ನಡುವೆ ಬಾಯಿ ಹಾಕಲಿಲ್ಲ. ಅದರ ಹಿಂದೆ ಇದ್ದವಳು ಸಂಯುಕ್ತಾ. ನನ್ನ ಗಂಡನ ಮಗಳು, ವಯಸ್ಸು ಹನ್ನೊಂದು, ಆರನೇ ಕ್ಲಾಸು. ತಾಯಿ ಮಧುಶ್ರೀ ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ತಾಯಿಯ ತವರಿನಲ್ಲಿ, ತಾತ ಚಿಕ್ಕಬೈರಪ್ಪನವರ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ಮೇ ತಿಂಗಳಲ್ಲಿ ನಮ್ಮ ಮದುವೆಗೆ ಬಂದಿದ್ದಳು. ಊಟದ ಎಲೆಯ ಮುಂದೆ ಕೂತು, ನನ್ನನ್ನು ಒಮ್ಮೆ ನೋಡಿ, ಹಪ್ಪಳ ಮುರಿದಳು. ಆ ಶಬ್ದದಷ್ಟೇ ನಮ್ಮ ಪರಿಚಯ.

ಹದಿನೇಳು ವರ್ಷದಿಂದ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ನನ್ನ ಪಾಠದಲ್ಲಿ ಸಂಯುಕ್ತ ಎಂದರೆ ಗಟ್ಟಿಯಾಗಿ ಬೆಸೆದುಕೊಂಡದ್ದು. ಈ ಸಂಯುಕ್ತಾ ಮಾತ್ರ ಯಾವುದರ ಜೊತೆಯೂ ಸೇರದ ಜಡ ಅನಿಲ.

ನನ್ನ ಗಂಡ ಯೋಗಾನಂದ ಬಾಗಿಲಿಗೆ ಕೆನ್ನೆ ಒತ್ತಿಕೊಂಡು ಕೇಳಿದರು, "ಪುಟ್ಟೀ, ಮನೆಗೆ ಬಾ ಕಣೇ. ನಿಂಗೇನ್ ಬೇಕು ಹೇಳು, ಮಾಡಿಸ್ತೀನಿ."

ಒಳಗಿನಿಂದ ತೀರ್ಪು ಬಂತು. "ಕತ್ತಲಲ್ಲಿ ಹೊಳೆಯೋ ರೂಮ್ ಇದ್ರೆ ಬರ್ತೀನಿ."

ಬುದ್ಧಿ ಇರುವ ಯಾರಿಗಾದರೂ ಇದು 'ಬರಲ್ಲ' ಎಂದು ಅರ್ಥವಾಗುತ್ತದೆ. ಆದರೆ ನನ್ನ ಗಂಡ ಕೊಡಿಗೇಹಳ್ಳಿ ಮೇನ್ ರೋಡಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವರು. ತಿರುಗಿ ನನ್ನನ್ನು ನೋಡಿದರು. ಅವರ ಮುಖ ಆಗಲೇ ಅರವತ್ತು ವ್ಯಾಟ್.

ಚಿಕ್ಕಬೈರಪ್ಪನವರು ಬೀಗರು. ಬೀಗರು ಎಂದರೆ ಬಾಯಿಗೆ ಬೀಗ ಹಾಕಿಕೊಂಡವರು ಎಂದುಕೊಂಡಿದ್ದೆ. ಹಾಗೇನಿಲ್ಲ. "ನೋಡಿ ಟೀಚರಮ್ಮ, ಮಾಲಯ ಅಮಾವಾಸ್ಯೆ ಎಡೆಗೆ ಹೆಂಗೂ ನಿಮ್ಮನೆಗೆ ಬರ್ತೀವಿ. ಅವತ್ತು ಮಗು ಇರ್ತೀನಿ ಅಂದ್ರೆ ಬಿಟ್ಟೋಗ್ತೀನಿ. ಇಲ್ಲ ಅಂದ್ರೆ ಇನ್ನೊಂದ್ಸಲ ಈ ಮಾತು ಎತ್ತಬೇಡಿ. ಅದಾದ್ರೂ ಎಷ್ಟು ಸಲ ಇಲ್ಲ ಅನ್ಬೇಕು?"

ಅಮಾವಾಸ್ಯೆಗೆ ಸರಿಯಾಗಿ ನಾಲ್ಕು ವಾರ.

ನಾವು ಒಯ್ದಿದ್ದ ಮೈಸೂರುಪಾಕಿನ ಡಬ್ಬಿಗೆ ತಾತ ಕೈ ಚಾಚಿದ್ದೇ ತಡ, ಬಾಗಿಲು ನಾಲ್ಕು ಬೆರಳು ತೆರೆಯಿತು, ಒಂದು ಕೈ ಬಂತು, ಡಬ್ಬಿ ಒಳಗೆ ಹೋಯಿತು, ಚಿಲಕ ಬಿತ್ತು. ಇಷ್ಟೊಂದು ಸಿಹಿ ಆಸೆ! ಮುದುಕರ ಬಾಯಿಂದಲೂ ಕಿತ್ತುಕೊಳ್ಳುವ ಹೊಟ್ಟೆಬಾಕಿ.

ನನಗೇನೂ ಆತುರವಿಲ್ಲ. ನಲವತ್ತೆರಡನೆಯ ವಯಸ್ಸಿಗೆ ಒಬ್ಬ ಗಂಡ ಸಿಕ್ಕಿದ್ದೇ ಹೆಚ್ಚು. ಆ ಹುಡುಗಿ ಬಂದರೆ ಬರಲಿ, ಬಿಟ್ಟರೆ ಬಿಡಲಿ.

ಆಗಸ್ಟ್ 30, ಶನಿವಾರ

ಗಣಪತಿ ಹೋದ. ಅವನ ಹಿಂದೆಯೇ ಗುಡೌನೂ ಖಾಲಿಯಾಯಿತು.

ಮಧುಶ್ರೀಯವರ ಕಾಲದಲ್ಲಿ ಅದು ಮಲಗುವ ಕೋಣೆಯಂತೆ. ಆಮೇಲೆ ಯೋಗಾನಂದರು ಅದಕ್ಕೆ ಅಂಗಡಿಯ ಫ್ಯಾನು, ವೈರು, ಪೈಪು ತುಂಬಿ ಗುಡೌನ್ ಮಾಡಿದರು. ಗುಡ್ ಏನೂ ಇಲ್ಲ, ಬರೀ ಡೌನು. ಮಾಲು ಇಳಿಸಲು ಹಿಂದಿನ ಗಲ್ಲಿಗೆ ಒಂದು ಬಾಗಿಲು ಬೇರೆ ಒಡೆಸಿದ್ದಾರೆ. ಅಲ್ಲಿಂದ ಮಾಲಿಗಿಂತ ಹೆಚ್ಚಾಗಿ ಬೆಕ್ಕುಗಳೇ ಇಳಿದಿವೆ. ಎಲ್ಲ ತೆಗೆಸಿ, ಕಿಟಕಿಗಳಿಗೆ ಕಪ್ಪು ಚಾರ್ಟ್ ಅಂಟಿಸಿ, ಮಧ್ಯಾಹ್ನ ಮೂರಕ್ಕೆ ಕೃತಕ ಅಮಾವಾಸ್ಯೆ ತಯಾರು ಮಾಡಿದೆವು.

ಕತ್ತಲಲ್ಲಿ ಸಾಮಾನು ಹೊಳೆಯಬೇಕಾದರೆ ಅತಿನೇರಳೆ ಬೆಳಕಿನ ಟ್ಯೂಬು ಬೇಕು. ಅಂಗಡಿಯವರು ಕರೆಯುವುದು ಬ್ಲ್ಯಾಕ್ ಲೈಟ್ ಎಂದು. ಕಪ್ಪೂ ಹೌದು, ಬೆಳಕೂ ಹೌದು, ರಾಜಕಾರಣದ ಹಾಗೆ. ಆರ್ಡರ್ ಮಾಡಿದ ಟ್ಯೂಬು ಬರುವವರೆಗೆ ಇರಲಿ ಎಂದು ಯೋಗಾನಂದರು ಪರಿಚಯದ ಬೇಕರಿಯಿಂದ ಒಂದು ನೀಲಿ ಟ್ಯೂಬು ಕಳಚಿ ತಂದರು. ಹಚ್ಚಿದರು. ಅದು ಬೇಕರಿಯವರು ನೊಣ ಹಿಡಿಯಲು ಇಟ್ಟಿದ್ದ ಟ್ಯೂಬು. ಸಂಜೆ ಆರೂವರೆಗೆ ಕೊಡಿಗೇಹಳ್ಳಿಯ ಸಮಸ್ತ ಕೀಟ ಸಮುದಾಯ, ಮಕ್ಕಳುಮರಿ ಸಮೇತ, ನಮ್ಮ ಗಲ್ಲಿ ಬಾಗಿಲಿನಿಂದ ಗೃಹಪ್ರವೇಶ ಮಾಡಿತು.

ನಮ್ಮತ್ತೆ ಮುನಿನಾರಾಯಣಮ್ಮ ಪೊರಕೆ ಹಿಡಿದು ಬಂದು ನಿಂತರು. "ಯೋಗಾ, ಮಗೀನ್ ಕರೀರೋ ಅಂದ್ರೆ ನೀನು ಉಳಾ ಕರೀತಿದ್ಯಲ್ಲೋ!"

ಸೆಪ್ಟೆಂಬರ್ 3, ಬುಧವಾರ

ಅಸಲಿ ಟ್ಯೂಬು ಬಂತು. ಕಾಲೇಜಿನಿಂದ ಬಂದವಳೇ ಉದ್ಘಾಟನೆಗೆ ನಿಂತೆ. ಸ್ವಿಚ್ ಒತ್ತಿದರು. ಕೋಣೆ ಕಪ್ಪಾಗಿಯೇ ಇತ್ತು. ನಾವು ಮಾತ್ರ ಬಯಲಾದೆವು.

ಮೊದಲು ನಾನು. ಬೆಳಿಗ್ಗೆ ಹಚ್ಚಿಕೊಂಡ ಸನ್‌ಸ್ಕ್ರೀನು ಈ ಬೆಳಕನ್ನೆಲ್ಲ ನುಂಗಿ ನನ್ನ ಮುಖವನ್ನು ದೋಸೆಕಾವಲಿ ಮಾಡಿತ್ತು.

"ಅಯ್ಯೋ ರಾಧಾಮಣಿ, ನಿನ್ ಮೊಕ ಎಲ್ಲೋಯ್ತಮ್ಮಿ? ಬರೀ ಅಲ್ಲು ಕಾಣ್ತಾವೆ!" ಎಂದರು ಅತ್ತೆ. ಅವರ ಅರಿಶಿನದ ಕೆನ್ನೆ ಮಾತ್ರ ಎಳೆ ಹಳದಿಯಾಗಿ, ಒಳಗೆ ದೀಪ ಇಟ್ಟ ಹಾಗೆ ಬೆಳಗುತ್ತಿತ್ತು. ನಾನು ಅಷ್ಟು ದುಡ್ಡು ಕೊಟ್ಟು ಹಚ್ಚಿಕೊಂಡದ್ದು ಕಪ್ಪು, ಅವರು ಅಡುಗೆಮನೆಯಿಂದ ತೆಗೆದು ಹಚ್ಚಿಕೊಂಡದ್ದು ಬೆಳಕು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಬಾರದು.

ಆಮೇಲೆ ಯೋಗಾನಂದರು ನಕ್ಕರು. ಹುಟ್ಟಿದ ಹಲ್ಲು ಈ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಕಟ್ಟಿಸಿದ ಹಲ್ಲು ಹೊಳೆಯುವುದಿಲ್ಲ. ಅವರ ಬಾಯಿಯ ನಟ್ಟನಡುವೆ ಎರಡು ಹಲ್ಲಿನಗಲ ಕತ್ತಲೆ.

"ರೀ, ಮುಂದಿನ ಎರಡು ಹಲ್ಲು ನಿಮ್ಮದಲ್ವಾ?"

"ಹೇಳೋಕೆ ಮರ್ತೆ ಕಣೇ. ಹೆಬ್ಬಾಳದ ಹತ್ರ ಬೈಕಿಂದ ಬಿದ್ದಿದ್ದೆ."

"ಜಾತಕದಲ್ಲಿ ಎಲ್ಲ ಗ್ರಹಾನೂ ಬರೆದಿದ್ರಿ, ಇದನ್ನ ಬಿಟ್ಟಿದ್ರಿ."

"ನಾನು ನಕ್ಕಾಗ ನೀನು ಹಲ್ಲು ನೋಡ್ತೀಯ ಅಂತ ಯಾರಿಗ್ ಗೊತ್ತು?"

ನಾಲ್ಕು ತಿಂಗಳ ಸಂಸಾರದಲ್ಲಿ ಕಾಣದ್ದನ್ನು ನಾಲ್ಕು ಅಡಿಯ ಟ್ಯೂಬು ಕಾಣಿಸಿತು. ಗಂಡು ನೋಡಲು ಹೋಗುವವರೆಲ್ಲ ಇಂಥದ್ದೊಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಸೆಪ್ಟೆಂಬರ್ 7, ಭಾನುವಾರ

ರೂಮು ಹೊಳೆಯುವ ಮೊದಲು ನನಗೆ ಏನಾದರೂ ಹೊಳೆಯಬೇಕಲ್ಲ. ಯೋಗಾನಂದರು ತಂದ ಪ್ಲಾಸ್ಟಿಕ್ ನಕ್ಷತ್ರಗಳನ್ನು ಅಂಟಿಸಿದ್ದಾಯಿತು. ಮದುವೆ ಛತ್ರದ ಸೀಲಿಂಗಿನ ಹಾಗೆ ಕಾಣುತ್ತಿತ್ತು. ಹದಿನೇಳು ವರ್ಷದ ಸರ್ವಿಸಿಗೆ ಅವಮಾನ. ಆದ್ದರಿಂದ ಅಡುಗೆಮನೆಗೆ ನುಗ್ಗಿದೆ. ಆ ಹುಡುಗಿಗಾಗಿ ಅಲ್ಲ, ವಿಷಯದ ಗೌರವಕ್ಕಾಗಿ.

ಪಾಲಕ್ ಸೊಪ್ಪನ್ನು ಅರೆದು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದರೆ ಹಸಿರು ನೀರು. ಅದೇ ನೀರು ಬ್ಲ್ಯಾಕ್ ಲೈಟಿನ ಕೆಳಗೆ ಕೆಂಪು! ಅರಿಶಿನವನ್ನು ಸ್ಪಿರಿಟ್ಟಿಗೆ ಹಾಕಿದರೆ ನಿಂಬೆಹಣ್ಣಿನ ಹಳದಿ. ಅಂಗಡಿಯ ಟಾನಿಕ್ ವಾಟರ್ ಆಕಾಶನೀಲಿ. ಮೂರನ್ನೂ ಸೀಸೆಗಳಿಗೆ ತುಂಬಿ ಶೆಲ್ಫಿನ ಮೇಲೆ ಸಾಲಾಗಿ ಇಟ್ಟೆ.

ಎಲ್ಲಕ್ಕಿಂತ ಮಜಾ ಬಟ್ಟೆ ಒಗೆಯುವ ಪೌಡರ್. ಬಿಳಿ ಬಟ್ಟೆ ಇನ್ನೂ ಬೆಳ್ಳಗೆ ಕಾಣಲೆಂದು ಅದರಲ್ಲಿ ಹೊಳೆಯುವ ವಸ್ತು ಬೆರೆಸಿರುತ್ತಾರೆ. ನೀರಿನಲ್ಲಿ ಕಲಸಿ ಬ್ರಶ್ಶಿನಿಂದ ಗೋಡೆಗೆ ಬಳಿದರೆ ಹಗಲಿನಲ್ಲಿ ಏನೂ ಕಾಣುವುದಿಲ್ಲ. ಟ್ಯೂಬು ಹಚ್ಚಿದರೆ ನೀಲಿಯಾಗಿ ಎದ್ದು ಕೂರುತ್ತದೆ.

ಅತ್ತೆ ಕೆಂಪು ಸೀಸೆಯನ್ನು ದಿಟ್ಟಿಸಿ ನೋಡಿದರು. "ಸೊಪ್ಪಿನ ಒಟ್ಟೇಲಿ ರಕ್ತ ಐತಾ? ಇಷ್ಟ್ ದಿನ ನಾನು ಸೋಮವಾರದಾಗೂ ತಿಂತಿದ್ನಲ್ಲಮ್ಮಿ!"

ಸೋಮವಾರ ಅವರು ಮಾಂಸ ಮುಟ್ಟುವುದಿಲ್ಲ. ನಾಳೆಯ ಪಾಲಕ್ ಸಾರು ರದ್ದಾಯಿತು.

ಸೆಪ್ಟೆಂಬರ್ 14, ಭಾನುವಾರ

ಬಾಗಲಗುಂಟೆಗೆ ಇನ್ನೊಮ್ಮೆ ಹೋದೆವು. ಈ ಸಲ ಬಾದುಷಾ. ತಾತ ಡಬ್ಬಿಯ ದಾರ ಬಿಚ್ಚುವಷ್ಟರಲ್ಲಿ ಕೈ ಬಂತು, ಡಬ್ಬಿ ಹೋಯಿತು. ತಾತ ದಾರವನ್ನೇ ನೋಡುತ್ತ ಕೂತರು.

ನಾನು ಬಾಗಿಲಿಗೆ ವರದಿ ಒಪ್ಪಿಸಿದೆ. ನಕ್ಷತ್ರ ಎಂದೆ. ಅರಿಶಿನ ಎಂದೆ. ಪಾಲಕ್ ನೀರು ಕೆಂಪಾಗುತ್ತದೆ ಎಂದೆ.

ಬಾಗಿಲು ನಾಲ್ಕು ಬೆರಳು ತೆರೆಯಿತು. ಅದರಲ್ಲಿ ಒಂದು ಕಣ್ಣು, ಅರ್ಧ ಮೂಗು.

"ಹಸಿರು ಹೆಂಗೆ ಕೆಂಪಾಗುತ್ತೆ ಆಂಟಿ? ಸುಳ್ಳು."

ಸುಳ್ಳು ಎಂದವರನ್ನು ಹಾಗೇ ಬಿಟ್ಟು ಬಂದರೆ ನಾನು ಟೀಚರ್ ಹೇಗಾದೇನು? ಅಲ್ಲೇ ನೆಲದ ಮೇಲೆ ಕೂತು, ಎಲೆ ಬೆಳಕನ್ನು ತಿನ್ನುವುದು, ತಿಂದದ್ದು ಹೆಚ್ಚಾದರೆ ಕೆಂಪಾಗಿ ತೇಗುವುದು, ಎಲ್ಲ ಹೇಳಿದೆ. ತೇಗು ಎಂದಾಗ ಕಣ್ಣು ಸಣ್ಣದಾಯಿತು. ನಕ್ಕಳೇನೋ. ಅರ್ಧ ಮೂಗಿನಲ್ಲಿ ಖಚಿತವಾಗಿ ಹೇಳಲು ಬರುವುದಿಲ್ಲ.

"ನಕ್ಷತ್ರ ಎಲ್ಲರ ಮನೇಲೂ ಇರುತ್ತೆ," ಎಂದಳು.

"ಹಾಗಾದ್ರೆ ಏನ್ ಬೇಕು?"

"ಗೊತ್ತಿಲ್ಲ. ನೋಡಿದ್ರೆ ಗೊತ್ತಾಗುತ್ತೆ."

ಬಾಗಿಲು ಮುಚ್ಚಿತು. ಎಡಗಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ನಕ್ಷತ್ರಗಳನ್ನು ಬಂದ ತಕ್ಷಣ ಕಿತ್ತು ಹಾಕಿದೆ. ಹೇಗೂ ನನಗೆ ಮೊದಲಿಂದಲೂ ಅವು ಸೇರಿರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಕಾಲೇಜಿಗೆ ರಜೆ. ಜ್ವರ ಎಂದು ಬರೆದೆ. ದೊಡ್ಡ ಗೋಡೆಗೆ ನವಿಲು ಬರೆಯುತ್ತಿದ್ದೇನೆ, ನೆಲದಿಂದ ಸೀಲಿಂಗಿನವರೆಗೆ, ಪೂರ್ತಿ ಸೋಪಿನಲ್ಲಿ. ಗರಿ ಎಪ್ಪತ್ತು ಮುಗಿಯಿತು. ಬೆನ್ನೂ ಮುಗಿಯಿತು.

ಮಧ್ಯೆ ಅತ್ತೆಯ ಜೊತೆ ಒಂದು ಯುದ್ಧ. ಎಡೆಯನ್ನು ಈ ಕೋಣೆಯಲ್ಲೇ ಇಡಬೇಕಂತೆ. ನಮ್ಮ ಅಬ್ಬಿಗೆರೆಯ ತವರಿನಲ್ಲಿ ಸತ್ತವರ ಹೆಸರಿಗೆ ಎಲೆ ಹಾಕಿ ಬಡಿಸಿ ಕೈ ಮುಗಿದರೆ ಮುಗಿಯಿತು. ಇಲ್ಲಿ ಬಡಿಸಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಇಣುಕಬಾರದು, ಯಾರೂ ಒಂದು ತುತ್ತು ಬಾಯಿಗೆ ಹಾಕಬಾರದು.

"ಅಜಾರಕ್ಕೆ ಬಾಗ್ಲೆಲ್ಲೈತೆ? ನೀವ್ ಮಲಗೋದ್ ಬಿಟ್ರೆ ಬಾಗ್ಲಿರೋ ಕ್ವಾಣೆ ಇದೊಂದೇಯ. ಅದಿನಾಲ್ಕ್ ವರ್ಸದಿಂದ ನಿಮ್ಮಾವಂಗೆ ಇಲ್ಲೇ ಇಕ್ಕಿರೋದು. ಫ್ಯಾನ್ ಡಬ್ಬದ ಮಧ್ಯೆನೇ ಬಂದು ಉಂಡೋಗವ್ರೆ, ನಿನ್ ನವಿಲಿಗೆ ಎದರ್ತಾರಾ?"

ಅಲ್ಲಿಗೆ ನನ್ನ ವಾದ ಮುಗಿಯಿತು. ಮಾವ ಮುನಿಆಂಜಿನಪ್ಪನವರನ್ನು ನಾನು ನೋಡಿಲ್ಲ. ಫೋಟೋದಲ್ಲಿ ನವಿಲಿಗೆ ಹೆದರುವವರ ಹಾಗೆ ಕಾಣುವುದಿಲ್ಲ.

ಬದನೆಕಾಯಿ ಮಾಡಬೇಡ ಎಂದು ಯೋಗಾನಂದರಿಂದ ಅತ್ತೆಗೆ ಮೂರು ಸಲ ಹೇಳಿಸಿದೆ. ಸಂಯುಕ್ತಾ ತಿನ್ನುವುದಿಲ್ಲವಂತೆ.

ಸೆಪ್ಟೆಂಬರ್ 20, ಶನಿವಾರ

ಬಾಳೆಲೆ, ಹೂವು ತರಲು ಎರಡು ಗಂಟೆ ಹೊರಗೆ ಹೋಗಿದ್ದೆ. ಎರಡೇ ಗಂಟೆ.

ಬಂದು ನೋಡಿದರೆ ಅತ್ತೆ ಸೆರಗು ಸಿಕ್ಕಿಸಿ, ಬಕೆಟ್ಟಿನ ಪಕ್ಕ ಕೂತು ಸುಧಾರಿಸಿಕೊಳ್ಳುತ್ತಿದ್ದರು. "ನಾಳೆ ಇರೇರು ಬರೋ ಕ್ವಾಣೆ, ಗುಡೌನಾಗಿತ್ತಲ್ಲ, ಮೈಲಿಗೆ. ಗ್ವಾಡೆ ಎಲ್ಲಾ ಸೋಪಿನ್ ಪೌಡ್ರಾಕಿ ತೊಳ್ದಿವ್ನಿ. ಅರ್ಧ ಪ್ಯಾಕೆಟ್ಟು!"

ಸ್ವಿಚ್ ಒತ್ತಿದೆ. ಎಪ್ಪತ್ತು ಗರಿಯೂ ಇಲ್ಲ. ಇಡೀ ಗೋಡೆ ನೀಲಿ. ಆ ತುದಿಯಿಂದ ಈ ತುದಿಗೆ, ಮೇಲೆ ಕೆಳಗೆ, ಅತ್ತೆಯ ಕೈ ಓಡಿದಲ್ಲೆಲ್ಲ ಬಟ್ಟೆ ಉಜ್ಜಿದ ಗುರುತು. ಅವರ ಕೈಗೆ ಎಟುಕದ ಎತ್ತರದಲ್ಲಿ ನವಿಲಿನ ಕತ್ತು ಮತ್ತು ಜುಟ್ಟು ಮಾತ್ರ ಉಳಿದಿವೆ.

ಅಡುಗೆಮನೆಗೆ ಹೋಗಿ ಒಂದು ತೆಂಗಿನಕಾಯಿ ಒಡೆದೆ. ಬೇಕಾಗಿರಲಿಲ್ಲ. ಸುಮ್ಮನೆ ಒಡೆದೆ.

ಸೆಪ್ಟೆಂಬರ್ 21, ಭಾನುವಾರ, ಮಹಾಲಯ ಅಮಾವಾಸ್ಯೆ

ಹನ್ನೊಂದೂವರೆಗೆ ಬಂದರು, ತಾತ ಮತ್ತು ಮೊಮ್ಮಗಳು. ಅಜ್ಜಿ ಯಲ್ಲಮ್ಮನವರಿಗೆ ಮಂಡಿ ನೋವು, ಕಣ್ಣೂ ಮಂಜು, ಬಂದಿರಲಿಲ್ಲ. ತಾತ ಬಿಳಿ ಅಂಗಿ, ಬಿಳಿ ಪಂಚೆ, ಇಸ್ತ್ರಿಯ ಗೆರೆಗೆ ಕೈ ಕೊಯ್ಯಬೇಕು. ತವರಿನ ಕಡೆಯಿಂದ ಮಧುಶ್ರೀಯವರ ಎಡೆಗೆಂದು ಮಾವಿನ ಚಿಗುರಿನ ಬಣ್ಣದ ಒಂದು ಸೀರೆ ತಂದಿದ್ದರು.

ಸಂಯುಕ್ತಾ ಚಪ್ಪಲಿ ಬಿಟ್ಟವಳೇ, "ರೂಮ್ ಎಲ್ಲಿ?" ಎಂದಳು.

ಸಮಜಾಯಿಷಿ ಹೇಳಬೇಕೆಂದು ರಾತ್ರಿಯೆಲ್ಲ ವಾಕ್ಯ ಕಟ್ಟಿಕೊಂಡಿದ್ದೆ. ಅವಕಾಶ ಸಿಗಲಿಲ್ಲ. ಬಾಗಿಲು ತೆರೆದು ಒಳಗೆ ಹೋದಳು. ನೀಲಿ ಗೋಡೆ, ಶೆಲ್ಫಿನ ಮೇಲೆ ಕೆಂಪು ಹಳದಿ ಸೀಸೆಗಳು. ಕತ್ತೆತ್ತಿ ಸೀಲಿಂಗಿನವರೆಗೆ ನೋಡಿದಳು. ಆಮೇಲೆ,

"ಆಂಟಿ, ನವಿಲು ಈಜ್ತಾ ಇದೆ!"

"ಹೂಂ," ಎಂದೆ.

"ಸಮುದ್ರ ಯಾರು ಬರ್ದಿದ್ದು?"

"ನಿಮ್ಮಜ್ಜಿ."

ಅತ್ತೆ ಬಾಗಿಲಲ್ಲಿ ನಿಂತು, ಜೀವಮಾನವೆಲ್ಲ ಇದನ್ನೇ ಬರೆಯುತ್ತ ಬಂದವರಂತೆ ಸೆರಗು ಸರಿಮಾಡಿಕೊಂಡರು. "ಕೈ ಬಂದಂಗೆ ಬರ್ದೆ ಕಣವ್ವ."

ಎಪ್ಪತ್ತು ಗರಿ ಬರೆದವಳು ನಾನು! ಇರಲಿ. ಹುಡುಗಿ ಸೀಸೆಗಳ ಮುಂದೆ ನಿಂತು ಕೆಂಪನ್ನು ಕೈಗೆತ್ತಿಕೊಂಡು ಹೊರಗೆ ಬಿಸಿಲಿಗೆ ಓಡಿದಳು, ಹಸಿರು ಮಾಡಿದಳು, ಒಳಗೆ ಓಡಿ ಬಂದಳು, ಕೆಂಪು ಮಾಡಿದಳು. ಎಂಟು ಸಲ. ಯೋಗಾನಂದರು ನನ್ನ ಕಿವಿಯಲ್ಲಿ, "ಗೆದ್ದೆ ಕಣೇ," ಎಂದರು. ಎರಡು ಕಟ್ಟಿದ ಹಲ್ಲೂ ಕಾಣುವಂತೆ ನಕ್ಕರು.

ಒಂದು ಗಂಟೆಗೆ ಎಡೆ ಹಾಕಿದೆವು. ಮಾವನವರಿಗೆ ಒಂದೆಲೆ, ಹೊಸ ಪಂಚೆ. ಮಧುಶ್ರೀಯವರಿಗೆ ಒಂದೆಲೆ, ಆ ಸೀರೆ, ಬಳೆ, ಹೂವು. ಅನ್ನ, ಮಟನ್ ಸಾರು, ವಡೆ, ಕಜ್ಜಾಯ. ಕಪ್ಪು ಬೆಳಕು ಬೇಡ, ದೀಪ ಸಾಕು ಎಂದರೆ ಯೋಗಾನಂದರು ಕೇಳಲಿಲ್ಲ. "ಇರ್ಲಿ ಬಿಡೇ, ಅಪ್ಪನೂ ಒಂಚೂರು ನೋಡ್ಲಿ." ಬಾಗಿಲು ಮುಚ್ಚಿ ಹೊರಗೆ ಕೂತೆವು. ತಾತ, "ಒಂದ್ ಫೋನು," ಎಂದು ಎದ್ದು ಹಿತ್ತಿಲ ಕಡೆ ಹೋದರು.

ಹತ್ತು ನಿಮಿಷ ಕಳೆಯಿತು. ಹಿರಿಯರಿಗೆ ಎದ್ದು ಹೋಗಲು ಸೂಚನೆ ಎಂದು ಅತ್ತೆ ಬಾಗಿಲನ್ನು ಮೂರು ಸಲ ತಟ್ಟಿ, ತಳ್ಳಿದರು.

ಒಳಗೆ ದೀಪ ಆರಿಹೋಗಿತ್ತು. ಎಲೆಯ ಮುಂದೆ ಒಂದು ಬಿಳಿ ಅಂಗಿ, ಬಿಳಿ ಪಂಚೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಪಂಚೆಯ ಅಂಚಿನವರೆಗೂ ಧಗಧಗ ಹೊಳೆಯುತ್ತಿತ್ತು. ತಲೆ ಇರಲಿಲ್ಲ. ಕೈ ಇರಲಿಲ್ಲ. ಕಜ್ಜಾಯವೊಂದು ತಾನೇ ತಾನಾಗಿ ಮೇಲೆದ್ದು ಕಾಲರಿನ ಮೇಲ್ಗಡೆ ಹೋಗಿ ಅರ್ಧವಾಯಿತು.

ಯೋಗಾನಂದರು ನನ್ನ ಹಿಂದೆ ಬಂದು ನಿಂತರು. ಅತ್ತೆ ಮಾತ್ರ ಸೊಂಟದ ಮೇಲೆ ಕೈ ಇಟ್ಟರು.

"ಬಂದ್ಯಾ? ಈಗ್ ಬಂದ್ಯಾ? ಅದಿನಾಲ್ಕ್ ವರ್ಸದಿಂದ ಇಕ್ತಾ ಇವ್ನಿ, ಒಂದಿನಾನಾದ್ರೂ ಮೊಕ ತೋರ್ಸಿದ್ಯಾ? ಈಗ್ಲೂ ಮೊಕ ತರ್ನಿಲ್ಲ, ಬರೀ ಬಟ್ಟೆ ತಂದಿದ್ದೀಯ! ಆ ಮೂಲೆ ಸೈಟು ನಿನ್ ತಮ್ಮಂಗೆ ಯಾಕ್ ಬರ್ಕೊಟ್ಟೆ, ಏಳು. ನನ್ನ ಒಂದ್ ಮಾತು ಕೇಳ್ದ್ಯಾ? ಆಸ್ಪತ್ರೇಲಿ ನೀರ್ ಕೇಳ್ದೆ, ತರೋದ್ರೊಳ್ಗೆ ಒಂಟೋದೆ. ಅದೇನ್ ಅವಸರ ಇತ್ತು ನಿಂಗೆ? ಏಳು!"

ಅಂಗಿ ಬಾಯಿ ತುಂಬ ತುಂಬಿಕೊಂಡು "ಮ್ಮ್, ಮ್ಮ್" ಎಂದಿತು. ನೀರಿನ ಮಾತು ಬಂದಾಗ ಅತ್ತೆಯ ದನಿ ಸ್ವಲ್ಪ ಒಡೆಯಿತು. ಆದರೂ ಬಿಡಲಿಲ್ಲ. ದೂರು ದನದ ಕೊಟ್ಟಿಗೆಯ ಹೆಂಚಿನವರೆಗೆ ಹೋಯಿತು.

ಕೊನೆಗೆ ಯೋಗಾನಂದರಿಗೆ ಧೈರ್ಯ ಬಂದು, ಸುತ್ತು ಹಾಕಿ ಹೋಗಿ ಗಲ್ಲಿ ಬಾಗಿಲನ್ನು ಹೊರಗಿನಿಂದ ಎಳೆದರು. ಬಿಸಿಲು ನುಗ್ಗಿತು. ಚಿಕ್ಕಬೈರಪ್ಪನವರು ಎರಡು ಕೆನ್ನೆಯಲ್ಲೂ ಕಜ್ಜಾಯ ಇಟ್ಟುಕೊಂಡು, ಸಿಕ್ಕಿಬಿದ್ದ ವಿದ್ಯಾರ್ಥಿಯ ಹಾಗೆ ಕೂತಿದ್ದರು. ಕಟ್ಟಿಸಿದ ಹಲ್ಲಿನ ಸೆಟ್ಟು, ಅದಕ್ಕೇ ಕತ್ತಲಲ್ಲಿ ಒಂದು ಹಲ್ಲೂ ಹೊಳೆದಿರಲಿಲ್ಲ.

ಅತ್ತೆ ಸೊಂಟದಿಂದ ಕೈ ತೆಗೆದರು. "ಬೀಗ್ರಾ? ಓಗ್ಲಿ ಬಿಡಿ, ಏಳಿದ್ದು ಯೇಸ್ಟಾಗಲ್ಲ. ನೀವು ಮ್ಯಾಕೋದಾಗ ಅವ್ರಿಗೆ ತಿಳಿಸ್ಬುಡಿ."

ಯೋಗಾನಂದರು ನಕ್ಕರು. ನಾನು ಬಾಗಿಲು ಹಿಡಿದುಕೊಂಡು ನಕ್ಕೆ. ತಾತನೂ ಪುಡಿ ಉದುರಿಸುತ್ತ ನಗತೊಡಗಿದರು.

ಸಂಯುಕ್ತಾ ನಗಲಿಲ್ಲ. ಒಳಗೆ ಹೋಗಿ, ತಾತನ ಕೈಯಿಂದ ಅರ್ಧ ಕಜ್ಜಾಯ ತೆಗೆದುಕೊಂಡು, ಎಲೆಯಲ್ಲಿ ಉಳಿದದ್ದನ್ನು ಬೆರಳಿಟ್ಟು ಎಣಿಸಿದಳು.

"ಎಂಟು ಹಾಕಿದ್ರು. ಐದಿದೆ. ತಾತ, ನಿಂಗೆ ಬೆಳಿಗ್ಗೆ ಶುಗರ್ ಮುನ್ನೂರ ಹತ್ತು ಇತ್ತು."

ತಾತನ ನಗು ನಿಂತಿತು.

"ನಾನು ಇದ್ದಾಗ್ಲೇ ಹಿಂಗೆ. ನಾನು ಇಲ್ಲಿಗೆ ಬಂದ್ರೆ? ಅಲ್ಲಿ ಅಜ್ಜಿಗೆ ಕಣ್ಣು ಕಾಣಲ್ಲ, ಡಬ್ಬಿ ಯಾರು ಎತ್ತಿಡ್ತಾರೆ? ಅಮ್ಮನೂ ಏನಿಲ್ಲ ಏನಿಲ್ಲ ಅಂತ್ಲೇ..." ಅಲ್ಲಿಗೆ ಅವಳ ಮುಖ ಕೆಟ್ಟಿತು. "ಅದಕ್ಕೇ ಆಗದೇ ಇರೋ ರೂಮ್ ಕೇಳಿದ್ದು ನಾನು. ನೀವ್ಯಾಕೆ ಮಾಡಿದ್ರಿ?"

ಮೈಸೂರುಪಾಕು. ಬಾದುಷಾ. ನಾನೇ ಕೈಯಾರೆ ಕಟ್ಟಿಸಿಕೊಂಡು ಹೋಗಿದ್ದೆ, ಎರಡೆರಡು ಸಲ.

ಯೋಗಾನಂದರು, "ಪುಟ್ಟೀ, ತಾತ ಇನ್ಮೇಲೆ ಮುಟ್ಟಲ್ಲ ಅಂತ ಆಣೆ ಇಡ್ತಾರೆ, ನೀನು ಇಲ್ಲೇ..." ಎಂದು ಶುರು ಮಾಡಿದರು. ನಾನು ಅವರ ತೋಳು ಹಿಡಿದೆ.

"ಬೇಡ ರೀ. ಅವಳು ಬಾಗಲಗುಂಟೆಯಲ್ಲೇ ಇರಲಿ."

"ರಾಧಾ! ನಾಲ್ಕು ವಾರ ನೀನು..."

"ನಾನು ನಾಲ್ಕು ವಾರ ಗೋಡೆಗೆ ಸೋಪು ಬಳಿದೆ. ಅವಳು ಮೂರು ವರ್ಷ ಒಬ್ಬ ಮನುಷ್ಯನ್ನ ಬದುಕಿಸಿದ್ದಾಳೆ." ಸಂಯುಕ್ತಾ ಕಡೆ ತಿರುಗಿ ಹೇಳಿದೆ, "ಭಾನುವಾರ ನಾವೇ ಬರ್ತೀವಿ. ಸಿಹಿ ತರಲ್ಲ. ಪಾಲಕ್ ತರ್ತೀನಿ."

ಚಿಕ್ಕಬೈರಪ್ಪನವರು ತಲೆ ಎತ್ತಲಿಲ್ಲ. "ಮಗು ಇದನ್ನ ನಂಗೂ ಹೇಳಿರ್ಲಿಲ್ಲ ಟೀಚರಮ್ಮ," ಎಂದರು. ಪಂಚೆಯ ಮೇಲಿನ ಪುಡಿಯನ್ನು ಒಂದೊಂದಾಗಿ ಹೆಕ್ಕಿ ಎಲೆಗೆ ಹಾಕುತ್ತಿದ್ದರು.

ಎಲ್ಲರೂ ಉಂಡೆವು. ತಾತನಿಗೆ ರಾಗಿಮುದ್ದೆ, ಮೊಮ್ಮಗಳ ಕಣ್ಗಾವಲು. ಹೊರಡುವಾಗ ಅತ್ತೆ ಆ ಸೀರೆಯನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು. "ತವರಿಂದ್ ಬಂದ ಸೀರೆ ಎಡೆಗಿಕ್ಕಿದ್ಮೇಲೆ ಮನೆ ಸೊಸೆ ಉಡ್ಬೇಕು. ತಗಾ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಅದು ಅವಳಮ್ಮಂದು ಅತ್ತೆ. ಸಂಯುಕ್ತಾ ತಗೊಂಡು ಹೋಗಲಿ."

ಸಂಯುಕ್ತಾ ಸೀರೆಯನ್ನು ನೋಡಿದಳು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಂಗೆ ಉದ್ದ ಆಗುತ್ತೆ," ಎಂದಳು. "ಭಾನುವಾರ ಉಟ್ಕೊಂಡ್ ಬನ್ನಿ. ಬ್ಲೌಸು ಚೆನ್ನಾಗಿ ಹೊಲಿಸಿ."

ಐದಕ್ಕೆ ಹೊರಟರು. ಯೋಗಾನಂದರು ಟ್ಯೂಬು ಆರಿಸಿ, "ಸೋತ್ವಿ ಕಣೇ," ಎಂದು ಬಹಳ ಹೊತ್ತು ಖಾಲಿ ಕೋಣೆಯಲ್ಲಿ ನಿಂತಿದ್ದರು. ಸೋತಿದ್ದೇನೋ ನಿಜ. ಬೆನ್ನು ನೋವು ಮಾತ್ರ ಯಾಕೋ ಕಡಿಮೆಯಾಗಿದೆ.

ಸೆಪ್ಟೆಂಬರ್ 23, ಮಂಗಳವಾರ

ಸೀರೆಗೆ ಫಾಲ್ಸ್ ಹಾಕಿಸಿ ಬ್ಲೌಸು ಹೊಲಿಸಲು ಪಕ್ಕದ ಬೀದಿಯ ಕನೀಜ್ ಹತ್ತಿರ ಹೋದೆ. ಶನಿವಾರದೊಳಗೆ ಬೇಕು ಎಂದೆ.

"ದಸರಾ ಟೈಮ್ ಮೇಡಂ, ಬ್ಲೌಸು ರಾಶಿ ಬಿದ್ದಿದೆ ನೋಡಿ. ಅಂಥಾ ಏನ್ ಅರ್ಜೆಂಟು?"

"ಮಗಳ ಮನೆಗೆ ಹೋಗ್ಬೇಕು."

ಮಷೀನು ನಿಂತಿತು. "ನಿಮಗೆ ಮದುವೆ ಮಾಡಿಕೊಟ್ಟಿರೋ ಮಗಳಿದ್ದಾಳಾ? ಮೇ ತಿಂಗಳಲ್ಲಿ ನಿಮ್ಮದೇ ಮದುವೆ ಬ್ಲೌಸು ನಾನೇ ಹೊಲಿದಿದ್ದು!"

"ಮದುವೆ ಆಗಿಲ್ಲ. ಆರನೇ ಕ್ಲಾಸು."

ಕನೀಜ್ ನನ್ನನ್ನು ಒಮ್ಮೆ, ಸೀರೆಯನ್ನು ಒಮ್ಮೆ ನೋಡಿದಳು. ಅವಳಿಗೆ ಏನು ಅರ್ಥವಾಗಲಿಲ್ಲವೋ ನನಗೆ ತಿಳಿಯಲಿಲ್ಲ, ಹೇಳಿದ್ದು ಕನ್ನಡದಲ್ಲೇ. ಕೊನೆಗೆ ಟೇಪು ಎಳೆದುಕೊಂಡು, ತೋಳು ಎಷ್ಟುದ್ದ ಇಡಲಿ ಎಂದು ಕೇಳಿದಳು.

ತಡಿ, ಸಂಯುಕ್ತಾಗೆ ಫೋನ್ ಮಾಡಿ ಕೇಳಿ ಹೇಳ್ತೀನಿ ಎಂದೆ.